ವರ್ಷಕ್ಕೆ ಹನ್ನೆರಡೇ ಫೋಟೋ

ಡಿಸೆಂಬರ್ ಕೊನೆಯ ವಾರ ನಾನು ಹಕ್ಕಿ ನೋಡಲು ಎಲ್ಲೂ ಹೋಗುವುದಿಲ್ಲ. ಜನವರಿಯಿಂದ ತೆಗೆದ ಅಷ್ಟೂ ಫೋಟೋಗಳನ್ನು ಮತ್ತೆ ನೋಡಿ, ಹನ್ನೆರಡನ್ನು ಮಾತ್ರ ಆರಿಸಿ ಪ್ರಿಂಟ್ ಹಾಕಿಸುವುದು ಆ ವಾರದ ಕೆಲಸ. ಹನ್ನೆರಡರ ಲೆಕ್ಕ ನನ್ನದಲ್ಲ. ಅಮೆರಿಕದ ಯೊಸೆಮಿಟಿ ಬೆಟ್ಟಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದು ಹೆಸರಾದ ಆನ್ಸೆಲ್ ಆಡಮ್ಸ್, ವರ್ಷಕ್ಕೆ ಹನ್ನೆರಡು ಒಳ್ಳೆಯ ಫೋಟೋ ಸಿಕ್ಕರೆ ಅದೇ ಒಳ್ಳೆಯ ಬೆಳೆ ಎಂದಿದ್ದರಂತೆ. ನನಗೆ ಆ ಮಾತು ತುಂಬಾ ಹಿಡಿಸಿತು.

ಮೊದಲ ಸುತ್ತು ಬೇಗ ಮುಗಿಯುತ್ತದೆ. ಹಕ್ಕಿಯ ಕಣ್ಣು ಶಾರ್ಪ್ ಆಗಿಲ್ಲದಿದ್ದರೆ ಬೇಡ. ರೆಕ್ಕೆಯ ತುದಿ ಫ್ರೇಮಿನಿಂದ ಆಚೆ ಹೋಗಿದ್ದರೆ ಬೇಡ. ಬೆಳ್ಳಕ್ಕಿಯ ಗರಿಗಳು ಮಧ್ಯಾಹ್ನದ ಬಿಸಿಲಿಗೆ ಗೆರೆಯೇ ಕಾಣದಷ್ಟು ಬೆಳ್ಳಗಾಗಿದ್ದರೆ ಅದೂ ಬೇಡ. ಈಗಿನ ಕ್ಯಾಮೆರಾಗಳು ಬಟನ್ ಒತ್ತಿ ಹಿಡಿದರೆ ಸೆಕೆಂಡಿಗೆ ಹತ್ತು ಫ್ರೇಮ್ ತೆಗೆಯುತ್ತವೆ. ಹಾಗಾಗಿ ಒಂದೇ ಗಳಿಗೆಗೆ ಉದ್ದ ಸಾಲೇ ಇರುತ್ತದೆ. ಏಪ್ರಿಲ್‌ನಲ್ಲಿ ರಂಗನತಿಟ್ಟಿನ ದೋಣಿಯಿಂದ ತೆಗೆದ ರಿವರ್ ಟರ್ನ್ ಹಕ್ಕಿಗಳ ಜೋಡಿಯದ್ದು ಹಾಗೇ ಆಗಿತ್ತು. ಬಂಡೆಯ ಮೇಲೆ ಹೆಣ್ಣು ಕೂತಿದೆ, ಗಂಡು ಮೀನು ತಂದು ಕೊಡುತ್ತಿದೆ. ಎರಡು ಕೊಕ್ಕೂ ಒಂದೇ ಮೀನನ್ನು ಹಿಡಿದಿರುವ ಫ್ರೇಮ್ ಇಡೀ ಸಾಲಿನಲ್ಲಿ ಒಂದೇ ಒಂದು. ಆ ಮೀನಿನ ಕಣ್ಣು ಸಹ ಕಾಣುತ್ತದೆ! ಅದು ಸಿಕ್ಕ ಮೇಲೆ ಮಿಕ್ಕವನ್ನು ನೋಡುವ ಅಗತ್ಯ ಬರಲಿಲ್ಲ.

ಕಷ್ಟ ಶುರುವಾಗುವುದು ಎರಡನೇ ಸುತ್ತಿನಲ್ಲಿ. ನಂಜನಗೂಡಿನ ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು ಅವು. ಬೆಳಗಿನ ಜಾವ ಮೈಸೂರು ಬಿಟ್ಟು, ಮಂಜಿನಲ್ಲಿ ಕೆರೆಯಂಚಿನ ಕೆಸರಿನ ಮೇಲೆ ಬೋರಲು ಮಲಗಿ, ಮೊಣಕೈ ಮರಗಟ್ಟುವವರೆಗೂ ಕಾದು ಅವು ಒಟ್ಟಿಗೆ ಮೇಲೇಳುವ ಫೋಟೋ ತೆಗೆದಿದ್ದೆ. ಅದನ್ನು ನೋಡಿದಾಗಲೆಲ್ಲ ಆ ಚಳಿ, ಆ ರೆಕ್ಕೆಗಳ ಸದ್ದು ನೆನಪಾಗುತ್ತದೆ. ಆದರೆ ಅಲ್ಲಿ ಇಲ್ಲದವರಿಗೆ ಚಳಿ ಕಾಣುವುದಿಲ್ಲ ಅಲ್ವಾ? ಅವರಿಗೆ ಕಾಣುವುದು ಬೂದು ನೀರಿನ ಮೇಲೆ ಬೂದು ಹಕ್ಕಿಗಳು. ನಾನು ಪಟ್ಟ ಪಾಡಿಗೆಲ್ಲ ಫೋಟೋಗೆ ಅಂಕ ಕೊಡಬಾರದು. ಮನಸ್ಸಿಲ್ಲದಿದ್ದರೂ ಪಕ್ಕಕ್ಕಿಟ್ಟೆ.

ಉಳಿದವನ್ನು ಸಣ್ಣ ಪ್ರಿಂಟ್ ಹಾಕಿಸಿ ಮಂಚದ ಮೇಲೆ ಹರಡಿ ತಂಗಿಯನ್ನು ಕರೆದೆ. ಅವಳಿಗೆ ಲೆನ್ಸು, ಐಎಸ್ಒ ಯಾವುದೂ ಬೇಕಿಲ್ಲ. ನನಗೆ ಬೇಕಾಗಿದ್ದದ್ದೂ ಅಂಥ ಕಣ್ಣೇ.

ಕೊಕ್ಕರೆ ಬೆಳ್ಳೂರಿನ ಎರಡು ಫೋಟೋ ಪಕ್ಕಪಕ್ಕ ಇದ್ದವು. ಒಂದರಲ್ಲಿ ಹೆಜ್ಜಾರ್ಲೆಯ (ಪೆಲಿಕನ್) ಮರಿ ತನ್ನ ಇಡೀ ತಲೆಯನ್ನು ತಾಯಿಯ ಗಂಟಲ ಚೀಲದೊಳಗೆ ತೂರಿಸಿ ಮೀನು ತಿನ್ನುತ್ತಿದೆ. ಕೊಕ್ಕಿನ ಮೇಲಿನ ಚುಕ್ಕಿಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ. ಇನ್ನೊಂದರಲ್ಲಿ ಹಕ್ಕಿಗಳು ಸಣ್ಣಗೆ, ಮಸುಕಾಗಿ ಮೇಲಿವೆ. ಹುಣಸೆ ಮರದ ತುಂಬಾ ಗೂಡು. ಮರದ ಕೆಳಗೆ ಹೆಂಚಿನ ಮನೆ. ಬಾಗಿಲ ಮುಂದೆ ಹಿಕ್ಕೆ ಬಿದ್ದು ಬೆಳ್ಳಗಾದ ನೆಲವನ್ನು ಗುಡಿಸಿ ಅಜ್ಜಿಯೊಬ್ಬರು ರಂಗೋಲಿ ಇಡುತ್ತಿದ್ದಾರೆ. ಬೆರಳಿನ ಸಂದಿಯಿಂದ ಪುಡಿ ಇನ್ನೂ ಇಳಿಯುತ್ತಿದೆ, ಮುಖ ಮಾತ್ರ ಮೇಲಕ್ಕೆ, ಮರದ ಕಡೆಗೆ.

"ಇದೇ ಇರಲಿ ಅಣ್ಣ. ಹಕ್ಕಿಗಳನ್ನ ಅವರ ಮನೆಯವರ ಥರಾನೇ ನೋಡ್ತಿದಾರೆ" ಎಂದಳು ತಂಗಿ.

ಅವಳು ಹೇಳಿದ್ದು ಸರಿ ಅನಿಸಿತು. ಹೆಜ್ಜಾರ್ಲೆಯ ಕ್ಲೋಸಪ್ಪನ್ನು ರಂಗನತಿಟ್ಟಿನಲ್ಲೂ ತೆಗೆಯಬಹುದು, ಕಾರಂಜಿ ಕೆರೆಯಲ್ಲೂ ತೆಗೆಯಬಹುದು. ಅಜ್ಜಿಯ ಫೋಟೋ ಸಿಗುವುದು ಮದ್ದೂರು ತಾಲ್ಲೂಕಿನ ಆ ಊರಿನಲ್ಲೇ. ಮನೆ ಬಾಗಿಲ ಮರದಲ್ಲಿ ಗೂಡು ಕಟ್ಟಿದ ಹಕ್ಕಿಯನ್ನು ಓಡಿಸದ ಊರು ಅದು. ಕೆಳಗೆ ಬಿದ್ದ ಮರಿಗಳನ್ನು ಎತ್ತಿ ಸಾಕಲು ಹೆಜ್ಜಾರ್ಲೆ ಬಳಗ ಎಂಬ ಗುಂಪೇ ಅಲ್ಲಿದೆ. ಬೇರೆಲ್ಲೂ, ಬೇರೆ ಯಾವತ್ತೂ ಸಿಗದ ಫೋಟೋ ಯಾವುದೋ ಅದನ್ನೇ ಇಟ್ಟುಕೊಳ್ಳಬೇಕು ಎಂದು ನಾನು ನಂಬುವುದು ಇದಕ್ಕೇ.

ಅಮ್ಮ ಜಗಲಿಯ ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುವ ಫೋಟೋ ಯಾರನ್ನೂ ಕೇಳದೆ ಒಳಗೆ ಬಂತು. ಕಬಿನಿಯ ಆನೆ, ಚಾಮುಂಡಿ ಬೆಟ್ಟದ ಮಂಜು, ದಸರೆಯ ದೀಪಗಳು, ಇವನ್ನೂ ಸೇರಿಸಿದ ಮೇಲೆ ಕೊನೆಗೆ ಒಂದೇ ಜಾಗ ಉಳಿಯಿತು.

ಅಲ್ಲಿಗೆ ಆಗಸ್ಟ್‌ನ ಒಂದು ಫೋಟೋ ಹಾಕಿದೆ. ಕೆಆರ್‌ಎಸ್‌ನಿಂದ ನೀರು ಬಿಟ್ಟು ಕಾವೇರಿ ತುಂಬಿ ಹರಿಯುತ್ತಿತ್ತು, ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸಿದ್ದರು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಜಾಗ ಅದು. ದಡದಿಂದಲೇ ತೆಗೆದ ಫೋಟೋ. ಹೆಸರಿಸುವಂಥ ಹಕ್ಕಿ ಒಂದೂ ಇಲ್ಲ. ನಡುಗಡ್ಡೆಯ ಮರಗಳು ಅರ್ಧ ಮುಳುಗಿವೆ, ಕೆಂಪು ನೀರು ಸುಳಿ ಸುತ್ತುತ್ತಿದೆ. ಟರ್ನ್‌ಗಳು ಕೂತಿದ್ದ ಬಂಡೆಯೂ ಆ ನೀರಿನಡಿಯಲ್ಲೇ ಇತ್ತು. ಬಂಡೆ ಬರಿದಾಗಿರುವ ಬೇಸಿಗೆಯಲ್ಲೇ ಅವು ಮೊಟ್ಟೆ ಇಟ್ಟು ಮರಿ ಮಾಡಿಕೊಳ್ಳುತ್ತವೆ. ಹೊಳೆಗೆ ನೀರು ಬೇಗ ಬಂದರೆ ಅಷ್ಟೂ ಹೋಯಿತು. ಇದೆಲ್ಲ ಗೊತ್ತಾಗಬೇಕಾದರೆ ಎರಡು ಫೋಟೋಗಳೂ ಬೇಕು.

ಪ್ರಿಂಟುಗಳ ಹಿಂದೆ ಪೆನ್ಸಿಲಿನಲ್ಲಿ ಊರು, ತಿಂಗಳು ಬರೆದಿದ್ದೇನೆ. ಟರ್ನ್ ಜೋಡಿ ಮತ್ತು ತುಂಬಿದ ಹೊಳೆ ಆಲ್ಬಮ್ಮಿನ ಒಂದೇ ಪುಟದಲ್ಲಿವೆ.