ಪಿಬಿಎಲ್ ಅಳತೆ ಹಾಳೆ, ಮೂರನೇ ಕರಡು: ಮಂಡ್ಯದ ಲ್ಯಾಬ್

ಪಿಬಿಎಲ್ ಎಂದರೆ ಸಮಸ್ಯೆಯನ್ನು ಮೊದಲಿಟ್ಟು ಕಲಿಸುವ ಪದ್ಧತಿ (ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್). ಪ್ರೋಗ್ರಾಮಿಂಗ್ ತರಗತಿಯಲ್ಲಿ ಅದು ಎಷ್ಟು ನಡೆಯುತ್ತಿದೆ ಎಂದು ವೀಕ್ಷಕರು ಅಂಕ ಹಾಕುವ ಈ ಹಾಳೆಯಲ್ಲೀಗ ಉಳಿದಿರುವುದು 6 ಸಾಲು, ಒಂದೊಂದಕ್ಕೆ 0ಯಿಂದ 3 ಅಂಕ. ಮೊದಲ ಸಾಲು: ಸಮಸ್ಯೆ ಪಾಠಕ್ಕಿಂತ ಮುಂಚೆ ಬಂತೇ? ಇಲ್ಲಿ 0 ಬಿದ್ದರೆ ಉಳಿದದ್ದನ್ನು ತುಂಬುವುದೇ ಬೇಡ. 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವೈದ್ಯಕೀಯ ಶಾಲೆ ಹಿಡಿದ ಈ ಪದ್ಧತಿಯ ಜೀವಾಳವೇ ಆ ಕ್ರಮ.

‘ಲಿಂಕ್ಡ್ ಲಿಸ್ಟ್‌ನಲ್ಲಿ ಕ್ಯೂ ಬರೆಯಿರಿ’ ಎನ್ನುವುದು (ಕೊಂಡಿ ಪಟ್ಟಿಯಿಂದ ಸರದಿ ಸಾಲು ಕಟ್ಟುವುದು) ಅಭ್ಯಾಸ, ಸಮಸ್ಯೆಯಲ್ಲ. ಅದರ ಬದಲು ಇಟ್ಟದ್ದು: ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿವೆ, ಕಡಿದ ಕಬ್ಬು ನಿಂತಷ್ಟೂ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆ, ಯಾವ ಗಾಡಿ ಮೊದಲು ಒಳಗೆ? ಬಂದ ಸರದಿ ಎಂದರೆ ಕ್ಯೂ, ಕಡಿದ ಹೊತ್ತು ಎಂದರೆ ಪ್ರಯಾರಿಟಿ ಕ್ಯೂ, ಅಂದರೆ ಆದ್ಯತೆಯ ಸಾಲು. (ಕಡಿದ ಹೊತ್ತನ್ನು ಗಾಡಿಯವರೇ ಹೇಳುವುದಾದರೆ ಎಲ್ಲರ ಕಬ್ಬೂ ಮೊನ್ನೆಯದೇ. ಈ ಪ್ರಶ್ನೆ ಎತ್ತುವ ಗುಂಪಿಗೆ ಎರಡನೇ ಸಾಲಿನಲ್ಲಿ 3.)

ಮೇಷ್ಟ್ರು ತರಗತಿಯಲ್ಲಿ ಏನು ಮಾಡುತ್ತಾರೆ ಎಂಬ ಸಾಲು ಹೆಚ್ಚು ತಿದ್ದಿಸಿಕೊಂಡಿದೆ. 5 ನಿಮಿಷಕ್ಕೊಂದು ಗುರುತು ಎಂದರೆ 50 ನಿಮಿಷದ ತರಗತಿಗೆ ಹತ್ತೇ. ನಡುವೆ ಉತ್ತರ ಹೇಳಿಕೊಟ್ಟದ್ದು ತಪ್ಪಿಹೋಗುತ್ತದೆ. ಈಗ 2 ನಿಮಿಷಕ್ಕೊಂದು, ಒಟ್ಟು 25: ‘ಪ್ರ’ ಪ್ರಶ್ನೆ, ‘ಹೇ’ ಹೇಳಿಕೊಟ್ಟದ್ದು, ‘ಮೌ’ ಮೌನ, ‘ಕೈ’ ಕೀಬೋರ್ಡ್ ಕಿತ್ತುಕೊಂಡದ್ದು. ಸೆಮಿಕೋಲನ್ ಬಿಟ್ಟುಹೋದದ್ದನ್ನು ತೋರಿಸಿದರೆ ‘ಹೇ’ ಹಾಕುವಂತಿಲ್ಲ, ಅದಕ್ಕೆ ‘ಸಿಂ’ (ಸಿಂಟ್ಯಾಕ್ಸ್, ಕೋಡ್ ಬರವಣಿಗೆಯ ನಿಯಮ) ಬೇರೆ. ಇದನ್ನು ಬೆರೆಸಿದರೆ ಒಳ್ಳೆಯ ಮೇಷ್ಟ್ರೂ ಕೆಟ್ಟವರಾಗಿ ಕಾಣುತ್ತಾರೆ.

ಇಬ್ಬರು ವೀಕ್ಷಕರು ಬೇರೆ ಬೇರೆ ಕೂತು ಗುರುತಿಸಬೇಕು, ಮಾತಾಡಿಕೊಳ್ಳುವುದು ಆಮೇಲೆ. ಹೊಂದಾಣಿಕೆಯನ್ನು ಶೇಕಡಾದಲ್ಲಿ ನೋಡಿದರೆ ಮೋಸ ಹೋಗುತ್ತೇವೆ. ಉದಾಹರಣೆಗೆ, 20 ಗುರುತಿನಲ್ಲಿ ಇಬ್ಬರೂ ತಲಾ 16 ಬಾರಿ ‘ಹೌದು’ ಹಾಕಿ, 16 ಕಡೆ ಒಪ್ಪಿದರೆ 80% ಸರಿ. ಆದರೆ ಕಣ್ಣುಮುಚ್ಚಿ ಹಾಕಿದರೂ 68% ಕೂಡುತ್ತದೆ, ಹಾಗಾಗಿ ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಅಳೆಯುವ ಕೊಹೆನ್ ಕಪ್ಪಾ (0.80−0.68)/(1−0.68), ಅಂದರೆ 0.375 ಮಾತ್ರ. ಆಗ ತಿದ್ದಬೇಕಾದದ್ದು ಸಾಲಿನ ವಿವರಣೆ, ಅಂಕವಲ್ಲ.

ಯಾರೆಷ್ಟು ಮಾಡಿದರು ಎಂಬ ಸಾಲಿಗೆ ಗಿಟ್ ಲಾಗ್ (ಕೋಡಿನ ಪ್ರತಿ ಬದಲಾವಣೆ, ಅಂದರೆ ಕಮಿಟ್, ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಪಟ್ಟಿ) ಸಾಲದು. ಲ್ಯಾಬ್ ಕಂಪ್ಯೂಟರಿನಲ್ಲಿ ಹೆಸರು ಒಮ್ಮೆ ಗ್ಲೋಬಲ್ ಆಗಿ, ಅಂದರೆ ಎಲ್ಲ ಕೆಲಸಕ್ಕೂ ಒಂದೇ ಎಂದು, ಕೂತರೆ ಆಮೇಲೆ ಬಂದವರ ಕಮಿಟ್‌ಗಳೆಲ್ಲ ಅದೇ ಹೆಸರಿಗೆ. ರೆಪೊಸಿಟರಿ (ಆಯಾ ಕೆಲಸದ ಕೋಡ್ ಫೋಲ್ಡರ್) ಮಟ್ಟದಲ್ಲಿ ಹೆಸರು ಹಾಕಿಸಿ. ಇಬ್ಬರು ಸೇರಿ ಬರೆದರೆ ಕಮಿಟ್ ಟಿಪ್ಪಣಿಗೆ ಕೋ-ಆಥರ್ಡ್-ಬೈ (ಜೊತೆಗೆ ಬರೆದವರು) ಸಾಲು ಸೇರಿಸಿ. ಅದರ ಮೇಲೆ 3 ನಿಮಿಷದ ವೈವಾ: ‘ಎತ್ತಿನ ಗಾಡಿಗೆ ಮೊದಲ ಆದ್ಯತೆ’ ಎಂಬ ನಿಯಮ ಬಂದರೆ ಎಲ್ಲಿ ತಿದ್ದುತ್ತೀರಿ? ಸರಿಯಾದ ಫಂಕ್ಷನ್‌ಗೆ ಬೆರಳಿಟ್ಟರೆ ಸಾಕು.

ಬಾಕಿ: ಆರನೇ ಸಾಲು. ಇಂಟರ್ನಲ್ ಪರೀಕ್ಷೆ ಇನ್ನೂ ‘ಕ್ಯೂ ಎಂದರೇನು’ ಎಂದೇ ಕೇಳುತ್ತಿದ್ದರೆ ಎಷ್ಟು ಅಂಕ ಕಳೆಯುವುದು?