ನಾಲ್ಕು ಗಂಟೆಗೆ ಉರಿಯುವ ಲೆನ್ಸ್: ಮೊದಲು ರೆಪ್ಪೆ ನೋಡಿ

"ಬೆಳಿಗ್ಗೆ ಚೆನ್ನಾಗೇ ಇರುತ್ತೆ, ನಾಲ್ಕು ಗಂಟೆ ಆಗ್ತಿದ್ದ ಹಾಗೆ ಮರಳು ಬಿದ್ದಂಗಾಗುತ್ತೆ. ಬೇರೆ ಕಂಪನಿ ಲೆನ್ಸ್ ಕೊಡಿ." ಕಾಂಟ್ಯಾಕ್ಟ್ ಲೆನ್ಸ್ ಅಳವಡಿಸುವ ಕೆಲಸದಲ್ಲಿ ಪದೇ ಪದೇ ಕೇಳುವ ಮಾತಿದು. ಇಂಥವರಿಗೆ ಕಂಪನಿ ಬದಲಿಸಿಕೊಟ್ಟರೆ ಎಷ್ಟೋ ಸಲ ತಿಂಗಳೊಳಗೆ ಅದೇ ದೂರು. ಮೊದಲು ನೋಡಬೇಕಾದದ್ದು ಅವರ ರೆಪ್ಪೆಬಡಿತ.

ಸಾಮಾನ್ಯವಾಗಿ ನಿಮಿಷಕ್ಕೆ 15ರ ಆಸುಪಾಸು ಬಡಿಯುವ ರೆಪ್ಪೆ, ಪರದೆಯ ಮುಂದೆ 5–7ಕ್ಕೆ ಇಳಿಯಬಹುದು. ಅದರಲ್ಲೂ ಹಲವು ಅರೆಬಡಿತಗಳೇ: ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟದೆ ಹಿಂದಿರುಗುತ್ತದೆ, ಲೆನ್ಸಿನ ಕೆಳಭಾಗಕ್ಕೆ ಕಣ್ಣೀರು ಹರಡುವುದಿಲ್ಲ. ರೆಪ್ಪೆಯಂಚಿನ ಗ್ರಂಥಿಗಳಿಂದ ಎಣ್ಣೆಯಂಶ ಹೊರಬರಲು ಪೂರ್ತಿ ಬಡಿತದ ಒತ್ತಡ ಬೇಕು. ಆ ಎಣ್ಣೆಯ ಪದರ ತೆಳುವಾದರೆ ನೀರು ಬೇಗ ಆರುತ್ತದೆ. ಎಸಿ ಗಾಳಿ ನೇರ ಮುಖಕ್ಕೇ ಬೀಸುತ್ತಿದ್ದರೆ, ಹೊರಗೆ ಬೆಂಗಳೂರಿನ ಮಾರ್ಚ್ ಮಧ್ಯಾಹ್ನದ ಒಣಹವೆ ಇದ್ದರೆ, ಇನ್ನೂ ಬೇಗ.

ಗಂಟೆಗೆ ಎರಡು ಮೂರು ಸಲ ಹೀಗೆ ಮಾಡಿ: ಕಣ್ಣು ಮೆಲ್ಲಗೆ ಮುಚ್ಚಿ, 2 ಸೆಕೆಂಡು ಹಾಗೇ ಬಿಟ್ಟು, ತೆರೆಯಿರಿ. ಹತ್ತು ಬಾರಿ. ಹಿಂಡಿ ಮುಚ್ಚಬೇಡಿ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ, ದೂರ 50–70 ಸೆಂ.ಮೀ. ಕತ್ತುನೋವೆಂದು ಮಾನಿಟರನ್ನು ತೀರಾ ಎತ್ತರಿಸುವವರಿದ್ದಾರೆ. ಆಗ ಕಣ್ಣು ಅಗಲವಾಗಿ ತೆರೆದೇ ಇರುತ್ತದೆ, ಆರುವ ಜಾಗವೂ ಹೆಚ್ಚುತ್ತದೆ.

ಡ್ರಾಪ್ಸ್ ವಿಷಯದಲ್ಲೇ ಹೆಚ್ಚು ತಪ್ಪು. ಬಾಟಲಿಯ ಮೇಲೆ ಬೆನ್ಜಾಲ್ಕೋನಿಯಂ ಕ್ಲೋರೈಡ್ (ಡ್ರಾಪ್ಸ್ ಕೆಡದಂತೆ ಸೇರಿಸುವ ಪ್ರಿಸರ್ವೇಟಿವ್) ಎಂದಿದ್ದರೆ ಮೃದು ಲೆನ್ಸ್ ಹಾಕಿರುವಾಗ ಬೇಡ. ಲೆನ್ಸ್ ಅದನ್ನು ಹೀರಿಕೊಂಡು ಕಣ್ಣಿಗೆ ನಿಧಾನವಾಗಿ ಬಿಡುತ್ತದೆ. ಕೆಂಪು ಇಳಿಸುವ ಡ್ರಾಪ್ಸ್ ರಕ್ತನಾಳ ಕುಗ್ಗಿಸುತ್ತದೆಯೇ ಹೊರತು ಒಣಗಿದ ಕಣ್ಣನ್ನು ತೇವಗೊಳಿಸದು. ಲೆನ್ಸ್ ಮೇಲೆ ಹಾಕಬಹುದು ಎಂದು ಬರೆದಿರುವ, ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ಕೇಳಿ ತನ್ನಿ. ಉರಿ ಶುರುವಾಗುವ ಮುಂಚೆಯೇ ಒಂದು ಹನಿ ಸಾಕು. ನಲ್ಲಿ ನೀರು, ಎಂಜಲು ಯಾವತ್ತೂ ಬೇಡ. ನಲ್ಲಿ ನೀರಿನಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾವನ್ನೇ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಹಾಳುಮಾಡಬಲ್ಲದು.

ಇಷ್ಟಾದರೂ ಉರಿ ನಿಲ್ಲದಿದ್ದರೆ ಲೆನ್ಸ್ ಬದಲಿಸುವ ಮಾತು. ತಿಂಗಳ ಲೆನ್ಸಿನಲ್ಲಿ ಪ್ರೋಟೀನ್, ಕೊಬ್ಬು ಕೂರುತ್ತವೆ, ಹಾಗಾಗಿ ದಿನಕ್ಕೊಂದರ ಲೆನ್ಸ್ ಹಲವರಿಗೆ ಒಗ್ಗುತ್ತದೆ. ನೀರಿನಂಶ ಹೆಚ್ಚಿದ್ದಷ್ಟೂ ತಂಪು ಎಂಬುದು ತಪ್ಪು ಲೆಕ್ಕ. ಒಣಹವೆಯಲ್ಲಿ ಅಂಥ ಲೆನ್ಸೇ ಹೆಚ್ಚು ನೀರು ಕಳೆದುಕೊಳ್ಳುವುದುಂಟು.

ಸಂಜೆ ಲೆನ್ಸ್ ಅಂಟಿಕೊಂಡಿದ್ದರೆ ಚಿವುಟಿ ಎಳೆಯಬೇಡಿ, ಕಾರ್ನಿಯಾ ತರಚುತ್ತದೆ. ಎರಡು ಮೂರು ಹನಿ ಹಾಕಿ, ಕೆಲವು ನಿಮಿಷ ರೆಪ್ಪೆ ಬಡಿದು, ಲೆನ್ಸ್ ಜಾರತೊಡಗಿದ ಮೇಲೆ ತೆಗೆಯಿರಿ. ತೆಗೆದ ಮೇಲೂ ನೋವು, ಕೆಂಪು, ಬೆಳಕು ಚುಚ್ಚುವುದು ಇದ್ದರೆ ಅವತ್ತೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಲೆನ್ಸನ್ನೂ ಅದರ ಡಬ್ಬಿಯನ್ನೂ ಎಸೆಯದೆ ಜೊತೆಗೊಯ್ಯಿರಿ. ಸೋಂಕಿದ್ದರೆ ಯಾವ ರೋಗಾಣು ಎಂದು ಪರೀಕ್ಷಿಸಲು ಅವು ಬೇಕಾಗುತ್ತವೆ.