3.50ರ ಬಸ್ಸಿಗೆ ಮುಂಚೆ: ನಮ್ಮ ಕಾಲೇಜಿನ ಟೈಮ್ ಟೇಬಲ್ ಕೆಲಸದ ದಿನಚರಿ

ಜುಲೈ 6, 2025, ಭಾನುವಾರ

ಈ ವರ್ಷದ ಟೈಮ್ ಟೇಬಲ್ ಜವಾಬ್ದಾರಿ ನನ್ನದು. ನಾನೇ ಕೇಳಿ ತೆಗೆದುಕೊಂಡೆ. ನಮ್ಮದು ಮಲೆನಾಡಿನ ಒಂದು ತಾಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಬಿಎ, ಬಿಕಾಂ, ಬಿಎಸ್ಸಿ, ಬಿಸಿಎ ನಾಲ್ಕೂ ಇವೆ. 12 ಕ್ಲಾಸ್ ರೂಮು, 5 ಲ್ಯಾಬು. ಖಾಯಂ ಉಪನ್ಯಾಸಕರು 14 ಮಂದಿ, ಅತಿಥಿ ಉಪನ್ಯಾಸಕರು 17 ಮಂದಿ. ನಾನು ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ.

ಕೇಳಿ ತೆಗೆದುಕೊಳ್ಳಲು ಕಾರಣ ಬಿಎಸ್ಸಿಯಲ್ಲಿ ಸಿಬಿಝಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝೂಆಲಜಿ ಓದುವ ಒಬ್ಬ ಹುಡುಗಿ. ಕಳೆದ ಸೆಮಿಸ್ಟರಿನಲ್ಲಿ ಅವಳಿಗೆ ಕೆಮಿಸ್ಟ್ರಿ ಲ್ಯಾಬಿನ ಹಾಜರಾತಿ 75 ಪರ್ಸೆಂಟ್ ಬರಲಿಲ್ಲ. ಕ್ಲಾಸ್ ತಪ್ಪಿಸುವ ಹುಡುಗಿ ಅಲ್ಲ. ಬುಧವಾರದ ಲ್ಯಾಬ್ ಮಧ್ಯಾಹ್ನ 12ಕ್ಕೆ ಶುರುವಾಗಿ, ನಡುವೆ ಊಟಕ್ಕೆ ಬಿಟ್ಟು, 4.45ಕ್ಕೆ ಮುಗಿಯುತ್ತಿತ್ತು. ರೆಕಾರ್ಡ್‌ಗೆ ಸಹಿ ಹಾಕುವಾಗ, ಅಂದರೆ ನಾಲ್ಕೂವರೆಗೆ, ಹಾಜರಿ ಕೂಗುತ್ತಾರೆ. ಅವಳ ಊರಿನ ಬಸ್ 3.50ಕ್ಕೆ. ಆಮೇಲೆ 5.30ಕ್ಕೆ ಒಂದಿದೆ, ಆದರೆ ಅದು ಊರೊಳಗೆ ಹೋಗೋದಿಲ್ಲ. ಕ್ರಾಸ್‌ನಲ್ಲಿ ಇಳಿಸುತ್ತದೆ. ಅಲ್ಲಿಂದ ಮೂರು ಕಿಲೋಮೀಟರ್ ಕಾಫಿ ತೋಟದ ನಡುವೆ ಒಬ್ಬಳೇ ನಡೆಯಬೇಕು. ಮಳೆಗಾಲದಲ್ಲಿ ಆರಕ್ಕೆಲ್ಲ ಕತ್ತಲು. ಅವಳು 3.40ಕ್ಕೆ ಬ್ಯಾಗ್ ಎತ್ತಿಕೊಂಡು ಓಡುತ್ತಿದ್ದಳು. ಕೊನೆಗೆ ತಂದೆಯಿಂದ ಪತ್ರ ಬರೆಸಿಕೊಟ್ಟು ಪರೀಕ್ಷೆ ಬರೆದಳು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಮೇಲೆ ನಮ್ಮ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ಹೋಯಿತು. ಮೊದಲು ಮನೆಯಲ್ಲೇ ಉಳಿಯುತ್ತಿದ್ದ ಎಷ್ಟೋ ಮಕ್ಕಳು ಈಗ ದೂರದಿಂದ ಬರುತ್ತಿದ್ದಾರೆ. ಹಾಗೆ ಬಂದವರನ್ನು ನಮ್ಮ ಟೈಮ್ ಟೇಬಲ್ ಹೊರಗೆ ಹಾಕಬಾರದು. ಈ ಸಲದ ಗುರಿ ಒಂದೇ. 3.45ಕ್ಕೆ ಎಲ್ಲ ಕ್ಲಾಸೂ ಮುಗಿಯಬೇಕು, ಲ್ಯಾಬ್ ಕೂಡ.

ಜುಲೈ 9, ಬುಧವಾರ

ಇಷ್ಟು ವರ್ಷ ಟೈಮ್ ಟೇಬಲ್ ಮಾಡುತ್ತಿದ್ದವರು ಗಣಿತದ ಹಿರಿಯ ಸರ್. ಇನ್ನೆರಡು ವರ್ಷಕ್ಕೆ ನಿವೃತ್ತಿ. ಸ್ಟಾಫ್ ರೂಮಿನ ಬೀರುವಿನಿಂದ ತಮ್ಮ ಹಳೇ ಶೀಟುಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ದೊಡ್ಡ ಡ್ರಾಯಿಂಗ್ ಶೀಟು, ಅಡ್ಡಡ್ಡ ದಿನಗಳು, ಉದ್ದಕ್ಕೆ ಕ್ಲಾಸುಗಳು. ಎಲ್ಲ ಪೆನ್ಸಿಲ್ಲಿನಲ್ಲೇ. ಅಳಿಸಿ ಬರೆದು, ಅಳಿಸಿ ಬರೆದು, ಕೆಲವು ಚೌಕಗಳಲ್ಲಿ ಕಾಗದ ತೆಳುವಾಗಿ ಆಚೆ ಬೆಳಕು ಕಾಣುತ್ತಿತ್ತು. ಅಂಥ ಚೌಕಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಭಾಷೆಯ ಪೀರಿಯಡ್ಡಿನ ಸಾಲು.

"ನೋಡಮ್ಮ, ಮೊದಲು ಲ್ಯಾಂಗ್ವೇಜ್ ಕೂರಿಸು. ಆಮೇಲೆ ಲ್ಯಾಬು. ಉಳಿದಿದ್ದಕ್ಕೆ ಜಾಗ ಸಿಕ್ಕೇ ಸಿಗುತ್ತೆ" ಅಂದರು.

ಹೊರಗಿನವರಿಗೆ ಇದು ಗೊತ್ತಾಗೋದಿಲ್ಲ. ಬಿಎ, ಬಿಕಾಂ, ಬಿಎಸ್ಸಿ, ಬಿಸಿಎ ಬೇರೆ ಬೇರೆ ಇದ್ದರೂ ಮೊದಲ ಸೆಮ್ಮಿನ ಕನ್ನಡ, ಹಿಂದಿ, ಸಂಸ್ಕೃತ ಒಂದೇ ಹೊತ್ತಿಗೆ ನಡೆಯಬೇಕು. ಏಕೆಂದರೆ ಹಿಂದಿಗೆ ಒಬ್ಬರೇ, ಸಂಸ್ಕೃತಕ್ಕೆ ಒಬ್ಬರೇ. ಹಿಂದಿ ತೆಗೆದುಕೊಂಡವರು ಬಿಕಾಂನಲ್ಲಿ ಎಂಟು ಜನ, ಬಿಎಸ್ಸಿಯಲ್ಲಿ ಐದು ಜನ, ಹೀಗೆ ಚದುರಿರುತ್ತಾರೆ. ಆ ಗಂಟೆಗೆ ಇಡೀ ವರ್ಷದ ಮಕ್ಕಳು ಕ್ಲಾಸ್ ಬಿಟ್ಟು ಭಾಷೆಯ ಪ್ರಕಾರ ಬೇರೆ ರೂಮುಗಳಿಗೆ ಹೋಗುತ್ತಾರೆ. ಆ ಒಂದು ಚೌಕ ಅಲುಗಿದರೆ ನಾಲ್ಕೂ ಕೋರ್ಸು ಅಲುಗುತ್ತವೆ.

ಇದರ ಜೊತೆಗೆ ಈ ವರ್ಷ ಎರಡು ಪಠ್ಯಕ್ರಮ ಒಟ್ಟಿಗೆ ನಡೆಯುತ್ತಿವೆ. ಕರ್ನಾಟಕದಲ್ಲಿ 2021ರಲ್ಲಿ ಶುರುವಾದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ವ್ಯವಸ್ಥೆಯನ್ನು 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಹಾಗಾಗಿ ಮೊದಲ ಮತ್ತು ಮೂರನೇ ಸೆಮ್ ಹೊಸದು, ಐದನೇ ಸೆಮ್ ಹಳೇದು. ಐದನೇ ಸೆಮ್ಮಿನವರಿಗೆ ಭಾಷೆ ಇಲ್ಲ. ಅದು ಮುಂದೆ ಉಪಯೋಗಕ್ಕೆ ಬಂತು.

ಜುಲೈ 13, ಭಾನುವಾರ

ಶನಿವಾರ ಸಂಜೆ, ಭಾನುವಾರ ಪೂರ್ತಿ ಡೇಟಾ ತುಂಬಿಸಿದೆ. ಬಳಸುತ್ತಿರುವುದು ಫೆಟ್ ಅನ್ನೋ ಸಾಫ್ಟ್‌ವೇರ್. ರೊಮೇನಿಯಾದ ಲಿವಿಯು ಲಾಲೆಸ್ಕು ಅವರು ಶುರು ಮಾಡಿದ್ದು. ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ.

ಇದರಲ್ಲಿ ಯಾರು, ಯಾವ ಪೇಪರ್, ಯಾವ ಕ್ಲಾಸಿಗೆ, ವಾರಕ್ಕೆ ಎಷ್ಟು ಗಂಟೆ ಅಂತ ಒಂದೊಂದಾಗಿ ಕೊಡಬೇಕು. ಆಮೇಲೆ ಷರತ್ತುಗಳು. ಯಾರು ಯಾವ ದಿನ ಬರೋದಿಲ್ಲ, ಯಾವ ಕ್ಲಾಸುಗಳು ಒಂದೇ ಹೊತ್ತಿಗೆ ಶುರುವಾಗಬೇಕು, ಮಕ್ಕಳಿಗೆ ನಡುವೆ ಎಷ್ಟು ಖಾಲಿ ಪೀರಿಯಡ್ ಇರಬಹುದು. ಪ್ರತಿ ಷರತ್ತಿಗೂ ಒಂದು ತೂಕ. 100 ಅಂದರೆ ಮುರಿಯುವ ಹಾಗಿಲ್ಲ. ಒಂದೇ ಪೇಪರಿನ ಪಾಠಗಳು ಬೇರೆ ಬೇರೆ ದಿನ ಬರಲಿ ಅನ್ನೋದಕ್ಕೆ ಅದು ತಾನಾಗೇ 95 ಕೊಡುತ್ತದೆ. ನಾನು ಅದನ್ನು ಹಾಗೇ ಬಿಟ್ಟೆ. ತೀರಾ ಇಕ್ಕಟ್ಟಾದರೆ ಒಂದೇ ದಿನ ಎರಡು ಎಕನಾಮಿಕ್ಸ್ ಬಂದರೂ ತೊಂದರೆ ಇಲ್ಲ.

ವರ್ಕ್‌ಲೋಡ್ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರಿಗೆ 14 ಗಂಟೆ. 2018ರ ಯುಜಿಸಿ ನಿಯಮದ ಲೆಕ್ಕ. ಈ ವರ್ಷದ ಅತಿಥಿ ಉಪನ್ಯಾಸಕರ ನೇಮಕ ಇನ್ನೂ ಆಗಿಲ್ಲ. ಅವರ ಜಾಗದಲ್ಲಿ 'ಅತಿಥಿ ಇತಿಹಾಸ 1', 'ಅತಿಥಿ ಕಾಮರ್ಸ್ 2' ಅಂತ ಹೆಸರು ಕೊಟ್ಟಿದ್ದೇನೆ. ವರ್ಷಗಟ್ಟಲೆ ನಮ್ಮ ಜೊತೆ ಕೂತು ಊಟ ಮಾಡಿದವರನ್ನು ಹೀಗೆ ನಂಬರ್ ಹಾಕಿ ಬರೆಯುವಾಗ ಬೇಜಾರಾಯಿತು.

ಹೊಸ ವೇಳೆ ಹೀಗೆ: 9.15ರಿಂದ 1.15ರವರೆಗೆ ನಾಲ್ಕು ಪೀರಿಯಡ್, ಅರ್ಧ ಗಂಟೆ ಊಟ, 1.45ರಿಂದ 3.45ರವರೆಗೆ ಎರಡು. ಶನಿವಾರ ಬೆಳಗ್ಗೆ ಮಾತ್ರ. ವಾರಕ್ಕೆ 34. ಎರಡು ಕ್ರೆಡಿಟ್ಟಿನ ಲ್ಯಾಬ್ ಅಂದರೆ ನಾಲ್ಕು ಗಂಟೆ, ಅದು ಬೆಳಗಿನ ನಾಲ್ಕು ಪೀರಿಯಡ್ಡಿನಲ್ಲಿ ಸರಿಯಾಗಿ ಕೂರುತ್ತದೆ. ಹಾಗಾದರೆ ಭಾಷೆ ಎಲ್ಲಿಗೆ? ಊಟದ ನಂತರಕ್ಕೆ. ಸೋಮವಾರದಿಂದ ಗುರುವಾರ. ಮೊದಲ ಸೆಮ್ಮಿಗೆ 1.45ಕ್ಕೆ ಕನ್ನಡ-ಹಿಂದಿ-ಸಂಸ್ಕೃತ, 2.45ಕ್ಕೆ ಇಂಗ್ಲಿಷ್. ಮೂರನೇ ಸೆಮ್ಮಿಗೆ ತಿರುವುಮುರುವು.

ಜುಲೈ 15, ಮಂಗಳವಾರ

ನಿನ್ನೆ ರಾತ್ರಿ ಮೊದಲ ಸಲ ಜನರೇಟ್ ಒತ್ತಿದೆ. ಸ್ವಲ್ಪ ಓಡಿ ನಿಂತಿತು. ಕಷ್ಟವಾದ ಪಾಠಗಳ ಪಟ್ಟಿ ತೋರಿಸಿತು. ಮೊದಲ ಹೆಸರೇ ಸಂಸ್ಕೃತ.

ಸಂಸ್ಕೃತದ ಸರ್ 20 ಕಿಲೋಮೀಟರ್ ಆಚೆಯ ಇನ್ನೊಂದು ಕಾಲೇಜಿನಿಂದ ನಿಯೋಜನೆಯ ಮೇಲೆ ಬರುವವರು. ಇಲ್ಲಿಗೆ ಸೋಮ, ಮಂಗಳ, ಬುಧ. ಅವರಿಗೆ ಮೊದಲ ಸೆಮ್ 4, ಮೂರನೇ ಸೆಮ್ 4, ಒಟ್ಟು 8 ಗಂಟೆ. ಮೂರು ಮಧ್ಯಾಹ್ನದಲ್ಲಿ ಇರುವುದೇ 6 ಗಂಟೆ. ಕಂಪ್ಯೂಟರ್ ಎಷ್ಟು ಹೊತ್ತು ಓಡಿದರೂ 8 ಹೋಗಿ 6ರಲ್ಲಿ ಕೂರೋದಿಲ್ಲ. ಇದು ಮುಂಚೆಯೇ ಎಣಿಸಿ ನೋಡಬೇಕಾದ ಲೆಕ್ಕ.

ಗಣಿತದ ಸರ್ ಹತ್ತಿರ ಹೇಳಿದೆ. ಅವರು ಸೀಮೆಸುಣ್ಣ ತೆಗೆದುಕೊಂಡು ಸ್ಟಾಫ್ ರೂಮಿನ ಸಣ್ಣ ಬೋರ್ಡಿನ ಮೇಲೆ ಎಡಕ್ಕೆ ಮೇಷ್ಟ್ರುಗಳು, ಬಲಕ್ಕೆ ಕ್ಲಾಸುಗಳು ಅಂತ ಚುಕ್ಕೆ ಇಟ್ಟು ಗೆರೆ ಎಳೆದರು. ಮೇಷ್ಟ್ರು ಮತ್ತು ಕ್ಲಾಸು ಮಾತ್ರ ಇದ್ದು, ಎಲ್ಲರೂ ಎಲ್ಲ ಹೊತ್ತೂ ಸಿಗುವಂತಿದ್ದರೆ ಕೆಲಸ ಸುಲಭ. ಯಾರಿಗೆ ಅತಿ ಹೆಚ್ಚು ಪೀರಿಯಡ್ ಇದೆಯೋ ಅಷ್ಟು ಪೀರಿಯಡ್ಡಿನಲ್ಲಿ ಇಡೀ ಟೈಮ್ ಟೇಬಲ್ ಮುಗಿಸಬಹುದು. ಹಂಗೇರಿಯ ಗಣಿತಜ್ಞ ಡೆನೆಸ್ ಕೋನಿಗ್ 1916ರಲ್ಲಿ ತೋರಿಸಿದ್ದು ಇದನ್ನೇ. "ಇವರು ಗುರುವಾರ ಬರಲ್ಲ, ಅವರು ಮಧ್ಯಾಹ್ನ ಇರಲ್ಲ ಅಂತ ಶುರುವಾಯ್ತು ನೋಡು, ಅಲ್ಲಿಗೆ ಕೈಕೊಡುತ್ತೆ" ಅಂದರು. ಅದಕ್ಕೂ ಸಾಬೀತು ಇದೆ. 1976ರಲ್ಲಿ ಶಿಮೋನ್ ಈವನ್, ಅಲೋನ್ ಇಟಾಯ್, ಆದಿ ಶಮೀರ್ ಮೂವರೂ ಸೇರಿ, ಹಾಗೆ ಬರುವ ದಿನಗಳ ಮಿತಿ ಸೇರಿದ ಕೂಡಲೇ ಟೈಮ್ ಟೇಬಲ್ ಎನ್‌ಪಿ-ಕಂಪ್ಲೀಟ್ ಆಗುತ್ತದೆ ಅಂತ ತೋರಿಸಿದರು. ಅಂದರೆ ಯಾವಾಗಲೂ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ ಜಾತಿಯ ಲೆಕ್ಕ. ನಾನು ಮಕ್ಕಳಿಗೆ ಪಾಠ ಮಾಡುವ ಆರ್‌ಎಸ್‌ಎ ಗೂಢಲಿಪಿಯ 'ಎಸ್' ಅದೇ ಶಮೀರ್. ನನಗೆ ಖುಷಿಯಾಯಿತು.

ಪ್ರಿನ್ಸಿಪಾಲರು ಆ ಕಾಲೇಜಿಗೆ ಫೋನ್ ಮಾಡಿದರು. ನಮ್ಮಲ್ಲಿ ಭಾಷೆ ಮಧ್ಯಾಹ್ನವೇ ಇರುವುದರಿಂದ ಸಂಸ್ಕೃತದ ಸರ್ ಬೆಳಗ್ಗೆ ಅಲ್ಲಿ ಪಾಠ ಮುಗಿಸಿ, ನಾಲ್ಕು ದಿನವೂ ಊಟದ ಹೊತ್ತಿಗೆ ಇಲ್ಲಿಗೆ ಬರಬಹುದು. ಮೂರು ದಿನ ಪೂರ್ತಿ ಬರುವುದಕ್ಕಿಂತ ಇದು ಇಬ್ಬರಿಗೂ ಒಳ್ಳೇದಾಯಿತು.

ಜುಲೈ 19, ಶನಿವಾರ

ಈಗ ಕೆಮಿಸ್ಟ್ರಿ ಲ್ಯಾಬ್. ವಾರಕ್ಕೆ ಆರು ಬೆಳಗ್ಗೆ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಮೂರು ಕ್ಲಾಸ್, ಸಿಬಿಝಡ್ ಮೂರು ಕ್ಲಾಸ್, ಆರಕ್ಕೆ ಆರು. ಆದರೆ ಮೊದಲ ಸೆಮ್ ಸಿಬಿಝಡ್‌ನಲ್ಲಿ ಈ ಸಲ 40 ಮಕ್ಕಳು, ಎರಡು ಬ್ಯಾಚ್ ಮಾಡಲೇಬೇಕು. ಏಳಾಯಿತು.

ಒಂದು ಬ್ಯಾಚನ್ನು ಎರಡು ಮಧ್ಯಾಹ್ನಕ್ಕೆ, ಎರಡೆರಡು ಗಂಟೆಯಂತೆ ಒಡೆಯಬಹುದು. ಯಾವುದನ್ನು ಅನ್ನೋದು ಪ್ರಶ್ನೆ. ಮೊದಲ ಮತ್ತು ಮೂರನೇ ಸೆಮ್ಮಿಗೆ ಮಧ್ಯಾಹ್ನ ಭಾಷೆ ಇದೆ. ಉಳಿದಿದ್ದು ಐದನೇ ಸೆಮ್.

ಕೆಮಿಸ್ಟ್ರಿ ಮೇಡಂ ಜೊತೆ ಲ್ಯಾಬಿನಲ್ಲೇ ನಿಂತು ಮಾತಾಡಿದೆ. ಅವರು ಸಿಂಕ್ ಪಕ್ಕದಲ್ಲಿ ಬ್ಯೂರೆಟ್‌ಗಳನ್ನು ತೊಳೆದು ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದರು. "ಆರ್ಗಾನಿಕ್ ಪ್ರಿಪರೇಶನ್ ಇದ್ದರೆ ಒಡೆಯೋಕೆ ಆಗಲ್ಲ ಮೇಡಂ. ಕುದಿಸಬೇಕು, ತಣಿಸಬೇಕು, ಸೋಸಬೇಕು, ಒಣಗಿಸಬೇಕು. ಅರ್ಧಕ್ಕೆ ಬಿಟ್ಟು ಹೋಗೋದು ಹೇಗೆ?" ಆಮೇಲೆ ಲ್ಯಾಬ್ ಪಟ್ಟಿ ತೆಗೆದು ನೋಡಿದರು. ಐದನೇ ಸೆಮ್ ಪಿಸಿಎಂಗೆ ಜಾಸ್ತಿ ಇದ್ದದ್ದು ಕಂಡಕ್ಟೋಮೀಟರ್, ಕಲರಿಮೀಟರ್ ಪ್ರಯೋಗಗಳು. ಸೊಲ್ಯೂಶನ್ ಮೊದಲೇ ತಯಾರಿದ್ದರೆ ಎರಡು ಗಂಟೆಯಲ್ಲಿ ರೀಡಿಂಗ್ ತೆಗೆದು ಗ್ರಾಫ್ ಹಾಕಿ ಮುಗಿಸಬಹುದು. "ಅಟೆಂಡರ್‌ಗೆ ಬೆಳಗ್ಗೆನೇ ಸೊಲ್ಯೂಶನ್ ಮಾಡಿಡೋಕೆ ಹೇಳ್ತೀನಿ" ಅಂದರು.

ಏಳನೆಯ ಬ್ಯಾಚಿಗೂ ಜಾಗ ಸಿಕ್ಕಿತು. ಸಾಫ್ಟ್‌ವೇರಿಗೆ ಗೊತ್ತಿಲ್ಲದ ಮಾಹಿತಿ ಆ ಸಿಂಕ್ ಪಕ್ಕದಲ್ಲಿತ್ತು.

ಜುಲೈ 23, ಬುಧವಾರ

ಸ್ಟಾಫ್ ಮೀಟಿಂಗ್. ಒಂದೂವರೆ ಗಂಟೆ. ಹೆಚ್ಚಿನ ಹೊತ್ತು ಒಂದೇ ವಿಷಯಕ್ಕೆ ಹೋಯಿತು.

ಕನ್ನಡದ ಮೇಡಂಗೆ ಮಧ್ಯಾಹ್ನದ ಭಾಷೆ ಇಷ್ಟವಿಲ್ಲ. "ಊಟ ಮಾಡಿ ಬಂದ ಮಕ್ಕಳ ಮುಂದೆ ಹಳಗನ್ನಡದ ಪದ್ಯ ಓದಿ ನೋಡಿ. ಯಾವಾಗಲೂ ಭಾಷೆನೇ ಯಾಕೆ ಬಿಟ್ಟುಕೊಡಬೇಕು?" ಅವರು ಹೇಳಿದ್ದರಲ್ಲಿ ನ್ಯಾಯ ಇದೆ. ಬೆಳಗಿನ ಒಳ್ಳೇ ಹೊತ್ತನ್ನೆಲ್ಲ ಸೈನ್ಸಿನವರಿಗೆ ಕೊಟ್ಟ ಹಾಗೆ ಕಾಣುತ್ತದೆ. ನಾನು ಬಸ್ಸಿನ ಪಟ್ಟಿ ಮುಂದಿಟ್ಟೆ. ಹಿಂದಿನ ವಾರ ಅಡ್ಮಿಶನ್‌ಗೆ ಬಂದ ಮತ್ತು ಫೀಸ್ ಕಟ್ಟಲು ಬಂದ ಮಕ್ಕಳೆಲ್ಲರಿಂದ ಊರು, ಬಸ್ ಬರುವ ಹೊತ್ತು, ಹೋಗುವ ಹೊತ್ತು ಬರೆಸಿಕೊಂಡಿದ್ದೆ. ಆ ಹಾಳೆಗಳನ್ನು ಅವರು ಒಂದೊಂದಾಗಿ ಓದಿದರು. ಎರಡು ಮೂರು ಹೆಸರು ಗುರುತು ಹಿಡಿದರು. "ಸರಿ, ಈ ಸೆಮ್ ನೋಡೋಣ. ಆದರೆ ನನಗೆ ಗಾಳಿ ಬೆಳಕಿರುವ ರೂಮ್ ಬೇಕು, ಆ ಮೂಲೆ ರೂಮ್ ಬೇಡ" ಅಂದರು. ಮೇಲಿನ 9ನೇ ನಂಬರ್ ರೂಮ್ ಅವರಿಗೆ ಮೀಸಲಿಟ್ಟೆ. ತೂಕ 100.

ಶುಕ್ರವಾರ ಮಧ್ಯಾಹ್ನ ಮೊದಲ, ಮೂರನೇ ಸೆಮ್ಮಿಗೆ ಏನೂ ಹಾಕಿಲ್ಲ. ಟೆಸ್ಟಿಗೆ ಕೊಡಿ ಅಂದರು ಕೆಲವರು. ನಾನು ಒಪ್ಪಲಿಲ್ಲ. ಎಲ್ಲ ಚೌಕ ತುಂಬಿದ ಟೈಮ್ ಟೇಬಲ್ ಒಂದು ರಜೆ ಬಂದರೂ ಕುಸಿಯುತ್ತದೆ.

ಜುಲೈ 27, ಭಾನುವಾರ

ಪೂರ್ತಿ ಕೂತಿತು! ಸಿಬಿಝಡ್ ಮೊದಲ ಸೆಮ್: ಲ್ಯಾಬ್ 12, ಥಿಯರಿ 9, ಭಾಷೆ 8, ಕಡ್ಡಾಯ ಪೇಪರ್ 2. ಒಟ್ಟು 31. ನಡುವೆ ಖಾಲಿ ಪೀರಿಯಡ್ ಒಂದೂ ಇಲ್ಲ. ಬಿಎ ಮಕ್ಕಳಿಗೆ ಹೆಚ್ಚಿನ ದಿನ ಕ್ಲಾಸ್ 10.15ಕ್ಕೆ ಶುರು. ಮೊದಲ ಬಸ್ ತಡವಾಗಿ ಬರುವ ಊರಿನವರಿಗೆ ಅದು ಅನುಕೂಲ. ಖಾಲಿ ಪೀರಿಯಡ್ ವಾರಕ್ಕೆ ಒಂದಕ್ಕಿಂತ ಜಾಸ್ತಿ ಯಾವ ಕ್ಲಾಸಿಗೂ ಇಲ್ಲ.

ಪ್ರಿಂಟ್ ತೆಗೆದು ಪ್ರತಿಯೊಬ್ಬರಿಗೂ ಅವರವರ ಹಾಳೆ ಕೊಡಬೇಕು. ಇಡೀ ಕಾಲೇಜಿನ ದೊಡ್ಡ ಪಟ್ಟಿ ನೋಡಿ ಹುಡುಕುವುದು ಯಾರಿಗೂ ಬೇಡ.

ಆಗಸ್ಟ್ 5, ಮಂಗಳವಾರ

ಸಾರಿಗೆ ನೌಕರರ ಮುಷ್ಕರ. ಸರ್ಕಾರಿ ಬಸ್ ಇಲ್ಲ. ಮೂರನೇ ಸೆಮ್ ಸಿಬಿಝಡ್‌ಗೆ ಬಂದವರು 38ರಲ್ಲಿ 9 ಜನ. ಹಾಸ್ಟೆಲ್ಲಿನವರು, ಪೇಟೆಯವರು, ಖಾಸಗಿ ಬಸ್ಸಿನ ದಾರಿಯವರು. ಬೆಳಗಿನ ಲ್ಯಾಬ್ ನಡೆಸಲಿಲ್ಲ. ತಪ್ಪಿದ ನಾಲ್ಕು ಗಂಟೆಯನ್ನು ಎರಡು ಶುಕ್ರವಾರದ ಮಧ್ಯಾಹ್ನಕ್ಕೆ ಹಾಕಿದೆವು. 8ಕ್ಕೆ ವರಮಹಾಲಕ್ಷ್ಮಿ ಹಬ್ಬ, 15ಕ್ಕೆ ಸ್ವಾತಂತ್ರ್ಯ ದಿನ, ಎರಡೂ ಶುಕ್ರವಾರವೇ. ಹಾಗಾಗಿ 22 ಮತ್ತು 29.

ಆಗಸ್ಟ್ 17, ಭಾನುವಾರ

ಮೂರು ವಾರ ಆಯಿತು. ಸರಿ ಮಾಡಬೇಕಾದದ್ದು ಇದೆ. 9.15ರ ಕ್ಲಾಸಿಗೆ ಎರಡು ಊರಿನ ಮಕ್ಕಳು ದಿನಾ ಹತ್ತು ನಿಮಿಷ ತಡ. ಅವರ ಬಸ್ ಬರುವುದೇ 9.20ಕ್ಕೆ. ಮೊದಲ ಪೀರಿಯಡ್ಡಿನ ಹಾಜರಿಯನ್ನು ಕೊನೆಗೆ ಕೂಗಿ ಅಂತ ಎಲ್ಲರಿಗೂ ಹೇಳಿದ್ದೇನೆ, ಹೆಚ್ಚಿನವರು ಒಪ್ಪಿದ್ದಾರೆ. ಅರ್ಧ ಗಂಟೆ ಊಟಕ್ಕೆ ಸಾಲುತ್ತಿಲ್ಲ, ಕೈತೊಳೆಯುವ ನಲ್ಲಿ ಎರಡೇ ಇವೆ. ಇನ್ನೆರಡು ಹಾಕಿಸಲು ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ದೇನೆ. ಅತಿಥಿ ಉಪನ್ಯಾಸಕರು ಇನ್ನೂ ಬಂದಿಲ್ಲ. ಅವರ ಪೀರಿಯಡ್‌ಗಳನ್ನು ಇರುವವರೇ ಹಂಚಿಕೊಂಡು ಆದಷ್ಟು ಪಾಠ ಮಾಡುತ್ತಿದ್ದೇವೆ. ಅವರು ಬಂದ ದಿನ ಹೆಸರು ಬದಲಿಸಿ ಮತ್ತೆ ಜನರೇಟ್ ಮಾಡಬೇಕು. ಭಾಷೆ ಮತ್ತು ಲ್ಯಾಬ್ ಚೌಕಗಳನ್ನು ಬೀಗ ಹಾಕಿ ಇಟ್ಟಿದ್ದೇನೆ, ಅವು ಅಲುಗೋದಿಲ್ಲ.

ಗುರುವಾರ ಕೆಮಿಸ್ಟ್ರಿ ಲ್ಯಾಬಿನ ಹಾಜರಿ ಪುಸ್ತಕ ತಿರುಗಿಸಿ ನೋಡಿದೆ. ಆ ಹುಡುಗಿಯ ಹೆಸರಿನ ಮುಂದೆ ಮೂರಕ್ಕೆ ಮೂರು ಹಾಜರಿ. ಅವಳ ಲ್ಯಾಬ್ ಈಗ ಗುರುವಾರ ಬೆಳಗ್ಗೆ. ಮಧ್ಯಾಹ್ನ 3.45ರ ಬೆಲ್ ಆದಾಗ ನಾನು ಕಿಟಕಿ ಹತ್ತಿರ ಇದ್ದೆ. ಅವಳು ಗೆಳತಿಯರ ಜೊತೆ ಛತ್ರಿ ಬಿಚ್ಚಿಕೊಂಡು, ಮಾತಾಡುತ್ತಾ, ಗೇಟಿನ ಎದುರಿನ ಸ್ಟಾಪಿಗೆ ನಡೆದುಕೊಂಡು ಹೋದಳು.